ಕೊನೆಯ ಸ್ಥಾನಕ್ಕೆ ಬಂದರೂ ಏನೂ ಆಗದ ಲೀಗನ್ನು ಯಾಕೆ ನೋಡಬೇಕು?

ಕಾಳಿ ದಂಡೆ, ಕಾರವಾರ

ದೇಶದ ಎರಡನೇ ಹಂತದ ಫುಟ್ಬಾಲ್ ಲೀಗ್ ಆದ ಐ-ಲೀಗಿನ 2024-25ರ ಪ್ರಶಸ್ತಿ ಕೊನೆಗೂ ಇಂಟರ್ ಕಾಶಿಗೆ ಹೋಯಿತು. ಲೀಗ್ ಮುಗಿದದ್ದು 2025ರ ಏಪ್ರಿಲ್ 6ಕ್ಕೆ. ಚಾಂಪಿಯನ್ ಯಾರು ಅಂತ ಗೊತ್ತಾದದ್ದು ಜುಲೈ 18ಕ್ಕೆ, ಅದೂ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಿಂದ. ಮೈದಾನದಲ್ಲಿ ಆಟ ನಿಂತಾಗ ಚರ್ಚಿಲ್ ಬ್ರದರ್ಸ್ 40, ಕಾಶಿ 39. ನಾಮಧಾರಿ ತಂಡ ಆಡಿಸಬಾರದ ಆಟಗಾರನನ್ನು ಆಡಿಸಿತ್ತು ಅನ್ನುವ ದೂರು ಗೆದ್ದು ಕಾಶಿಗೆ 3 ಪಾಯಿಂಟ್ ಸೇರಿತು, 42 ಆಯಿತು.

ಇಷ್ಟು ಜಗಳ ಯಾಕೆ? ಗೆದ್ದವರಿಗೆ ದೇಶದ ಮೊದಲ ಹಂತದ ಲೀಗ್ ಆದ ಐಎಸ್‌ಎಲ್‌ಗೆ ಬಡ್ತಿ ಅನ್ನುವ ಆಸೆ. ಸರಿ. ಆದರೆ ಮೇಲಿಂದ ಕೆಳಗೆ ಬಂದವರು ಯಾರು? 2024-25ರ ತನಕ ಯಾರೂ ಇಲ್ಲ. 2023-24ರಲ್ಲಿ ಹೈದರಾಬಾದ್ ಇಡೀ ಸೀಸನ್ ಆಡಿ 8 ಪಾಯಿಂಟ್ ಮಾಡಿತು. ಮುಂದಿನ ವರ್ಷವೂ ಅಲ್ಲೇ ಇತ್ತು. 2024-25ರಲ್ಲಿ ಮೊಹಮ್ಮಡನ್ ಕೊನೆ. ಅದಕ್ಕೂ ಇಳಿಕೆ ಇರಲಿಲ್ಲ. ಅದೇ ಐ-ಲೀಗಿನಲ್ಲಿ ನೋಡಿ, ನಮ್ಮ ಎಸ್‌ಸಿ ಬೆಂಗಳೂರು ಬಡ್ತಿ ಪಡೆದು ಬಂದು ಒಂದೇ ಸೀಸನ್ನಿಗೆ ವಾಪಸ್ ಕೆಳಗೆ ಹೋಯಿತು. ಬಡವರಿಗೆ ಒಂದು ನಿಯಮ, ಶ್ರೀಮಂತರಿಗೆ ಇನ್ನೊಂದು.

ಇಲ್ಲಿ ಕಾರವಾರದಲ್ಲಿ ಕೂತು ಇದನ್ನು ಕೇಳಲು ಕಾರಣ ಇದೆ. ನಮಗೆ ಬೆಂಗಳೂರಿನ ಕಂಠೀರವಕ್ಕಿಂತ ಗೋವಾದ ಮಡಗಾಂವಿನ ಫತೋರ್ಡಾ ಮೈದಾನ ಎಷ್ಟೋ ಹತ್ತಿರ. ಗೋವಾದ ಡೆಂಪೊ, ಸಾಳಗಾಂವಕರ್, ಚರ್ಚಿಲ್, ಸ್ಪೋರ್ಟಿಂಗ್ ಎಲ್ಲವೂ ದೇಶದ ಮೇಲಿನ ಲೀಗಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಇಲ್ಲಿಂದ ಎಷ್ಟು ಜನ ಹೋಗುತ್ತಿದ್ದರು ಅಂತ ಹಳಬರಿಗೆ ಗೊತ್ತು. ಈಗ ಯಾರೂ ಹೋಗುವುದಿಲ್ಲ. ನನ್ನ ಪ್ರಕಾರ ಇಳಿಕೆಯ ಭಯ ಇಲ್ಲದ ಲೀಗಿನಲ್ಲಿ ಫೆಬ್ರವರಿ ನಂತರ ಅರ್ಧ ಮ್ಯಾಚುಗಳಿಗೆ ಅರ್ಥವೇ ಇರುವುದಿಲ್ಲ. ನೀವೇನು ಹೇಳುತ್ತೀರಿ?

ಅಂಕೋಲೆ ಈಶಾಡು

ನೋಡಬೇಡಿ, ಅಷ್ಟೇ. ನಾನು ಬಿಟ್ಟು ತುಂಬಾ ಕಾಲ ಆಯಿತು.

ಘಟ್ಟದ ಗೋಲಿ, ಶಿರಸಿ

ನಾನು ಒಪ್ಪುವುದಿಲ್ಲ. ಇಳಿಕೆ ಕೇಳಲು ಚೆಂದ. ಇಳಿದವರ ಗತಿ ಏನಾಯಿತು ನೋಡಿ. 1996-97ರಲ್ಲಿ ನಮ್ಮ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಫಗ್ವಾಡಾದ ಜೆಸಿಟಿ. 2010-11ರಲ್ಲಿ ಇಳಿಯಿತು, ಅದೇ ವರ್ಷ ಕಂಪನಿ ತಂಡವನ್ನೇ ಮುಚ್ಚಿತು. ಮುಂಬೈ ಎಫ್‌ಸಿ 2017ರಲ್ಲಿ ಇಳಿಯಿತು, ಮತ್ತೆ ಏಳಲಿಲ್ಲ. ನಮ್ಮ ಎಚ್‌ಎಎಲ್ 2011-12ರಲ್ಲಿ ಇಳಿಯಿತು, ಆಮೇಲೆ ಆ ಮಟ್ಟಕ್ಕೆ ಬರಲೇ ಇಲ್ಲ.

ಇಂಗ್ಲೆಂಡಿನ ಮಾತು ಬೇರೆ. ಅಲ್ಲಿ ಪ್ರೀಮಿಯರ್ ಲೀಗಿನಿಂದ ಇಳಿದರೆ ಟಿವಿ ಹಣದ ಪಾಲಿನಲ್ಲಿ ಮೊದಲ ವರ್ಷ 55%, ಎರಡನೇ ವರ್ಷ 45%, ಮೂರನೇ ವರ್ಷ 20% ಕೊಡುತ್ತಾರೆ. ಒಂದೇ ಸೀಸನ್ ಮೇಲಿದ್ದವರಿಗೆ ಮೂರನೇ ವರ್ಷದ್ದು ಇಲ್ಲ. ನಮ್ಮ ಕಡೆ ಅಡಿಕೆ ಕೊಯ್ಯುವ ಕೊನೆಗೌಡ ಮರ ಹತ್ತುವಾಗ ಕೊನೆ ಇಳಿಸುವ ಹಗ್ಗವನ್ನೂ ಜೊತೆಗೇ ಒಯ್ಯುತ್ತಾನೆ ಅಲ್ವಾ? ನಮ್ಮ ಲೀಗಿನಲ್ಲಿ ಹಗ್ಗವೇ ಇಲ್ಲ. ಮೇಲಿಂದ ನೂಕುವುದು ಮಾತ್ರ ಇದೆ.

ಕಾಳಿ ದಂಡೆ, ಕಾರವಾರ

ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಅದು ಇಳಿದಿರಲಿಲ್ಲ. ಕಂಪನಿಗೆ ಬೇಡ ಅನಿಸಿತು, ಮುಚ್ಚಿತು. ಜೆಸಿಟಿ ಕಥೆಯೂ ಅದೇ. ಇಳಿಕೆ ಒಂದು ನೆಪ. ಕಂಪನಿಯೊಂದರ ಜಾಹೀರಾತು ಖಾತೆಯಿಂದ ನಡೆಯುವ ತಂಡಕ್ಕೆ ಊರಿನ ಬೇರು ಇರುವುದಿಲ್ಲ.

ಕುಮಟಾ ಕಡಲು

ಇಲ್ಲಿ ಯಾರೂ 2016-17ರ ಸೀಸನ್ ಬಗ್ಗೆ ಮಾತಾಡಿಲ್ಲ, ಆಶ್ಚರ್ಯ. ನನಗೆ ಭಾರತದ ಫುಟ್ಬಾಲಿನಲ್ಲಿ ಅದಕ್ಕಿಂತ ದೊಡ್ಡ ಸೀಸನ್ ಇನ್ನೊಂದಿಲ್ಲ.

ಮಿಜೋರಾಂನ ಐಜಾಲ್ ಎಫ್‌ಸಿ 2015-16ರಲ್ಲಿ ಮೊದಲ ಸಲ ಐ-ಲೀಗ್ ಆಡಿತು. ಕೊನೆಯ ಸ್ಥಾನಕ್ಕೆ ಬಂದು ಇಳಿಯಿತು. ಅಷ್ಟರಲ್ಲಿ ಗೋವಾದ ತಂಡಗಳು ಲೀಗೇ ಬೇಡ ಅಂತ ಹೊರಬಂದವು. ಜಾಗ ಖಾಲಿ ಆಯಿತು. ಐಜಾಲನ್ನು ಮತ್ತೆ ಒಳಗೆ ಕರೆದರು. ಅದೇ ಬೇಸಿಗೆಯಲ್ಲಿ ಮುಂಬೈ ಎಫ್‌ಸಿ ತನ್ನ ಬಹಳ ವರ್ಷಗಳ ಕೋಚ್ ಖಾಲಿದ್ ಜಮೀಲ್ ಅವರನ್ನು ಬಿಟ್ಟಿತು. ಅವರು ಐಜಾಲಿಗೆ ಬಂದರು. ಮುಂದೇನಾಯಿತು ಗೊತ್ತಲ್ಲ. ಏಪ್ರಿಲ್ 22ಕ್ಕೆ ತವರಿನಲ್ಲಿ ಮೋಹನ್ ಬಗಾನ್ ಮೇಲೆ 1-0. ಏಪ್ರಿಲ್ 30ಕ್ಕೆ ಶಿಲ್ಲಾಂಗಿನಲ್ಲಿ ಲಾಜೊಂಗ್ ವಿರುದ್ಧ ಒಂದು ಪಾಯಿಂಟ್ ಸಾಕಿತ್ತು. ಶುರುವಿನಲ್ಲೇ ಲಾಜೊಂಗ್ ಗೋಲು ಹೊಡೆಯಿತು. ಎರಡನೇ ಅರ್ಧದಲ್ಲಿ ವಿಲಿಯಂ ಲಾಲ್‌ನುನ್‌ಫೆಲಾ ಸಮ ಮಾಡಿದರು. 1-1. ಐಜಾಲ್ 37, ಬಗಾನ್ 36. ಈಶಾನ್ಯದ ತಂಡವೊಂದು ಮೊದಲ ಸಲ ದೇಶದ ಲೀಗ್ ಗೆದ್ದಿತು.

ಆ ವರ್ಷ ಇಳಿದವರು ಯಾರು? ಖಾಲಿದ್ ಅವರನ್ನು ಬಿಟ್ಟ ಮುಂಬೈ ಎಫ್‌ಸಿ. ಅದೇ ಖಾಲಿದ್ 2025ರಲ್ಲಿ ಭಾರತ ತಂಡದ ಕೋಚ್ ಆದರು. ಒಂದೇ ಸೀಸನ್ನಿನಲ್ಲಿ ಮೇಲೂ ಕೆಳಗೂ ಇಷ್ಟು ಕಥೆ ಇತ್ತು. ಇದನ್ನು ಯಾವ ಮುಚ್ಚಿದ ಲೀಗ್ ಕೊಡುತ್ತದೆ ಹೇಳಿ?

ಸದಾಶಿವಗಡ

ಒಂದು ತಿದ್ದುಪಡಿ. ಐಜಾಲ್ 2015-16ರಲ್ಲಿ ಕೊನೆಯಲ್ಲಿರಲಿಲ್ಲ. 9 ತಂಡಗಳಲ್ಲಿ 8ನೇ ಸ್ಥಾನ. ಕೊನೆಯಲ್ಲಿ ಇದ್ದದ್ದು ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್. ಆದರೆ ಅವರು ದುಡ್ಡು ಕಟ್ಟಿ ನೇರ ಪ್ರವೇಶ ಪಡೆದವರು, ಹಾಗಾಗಿ ಇಳಿಕೆಯಿಂದ ವಿನಾಯಿತಿ. ಎರಡನೇ ಡಿವಿಜನ್ ಗೆದ್ದು ಬಂದ ಐಜಾಲ್ ಇಳಿಯಬೇಕು, ಅದಕ್ಕಿಂತ ಕೆಳಗಿದ್ದವರು ಉಳಿಯಬೇಕು. ಇದು ಸಣ್ಣ ವಿಷಯ ಅಲ್ಲ. ಇಡೀ ಚರ್ಚೆಯ ಬುಡವೇ ಇಲ್ಲಿದೆ. ಅನ್ಯಾಯ ಮಾಡಿದ್ದು ಇಳಿಕೆ ಅಲ್ಲ, ವಿನಾಯಿತಿ.

ಕುಮಟಾ ಕಡಲು

ಹೌದು, ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. 8ನೇ ಸ್ಥಾನದವರನ್ನು ಇಳಿಸಿದರು, ಅವರೇ ಮುಂದಿನ ವರ್ಷ ಚಾಂಪಿಯನ್.

ಘಟ್ಟದ ಗೋಲಿ, ಶಿರಸಿ

ಅಲ್ಲ ಸ್ವಾಮಿ, ಐಜಾಲ್ ಗೆದ್ದದ್ದು ಇಳಿದದ್ದರಿಂದ ಅಲ್ಲ, ಇಳಿಯದೇ ಉಳಿದದ್ದರಿಂದ! ಎರಡನೇ ಡಿವಿಜನ್ನಿಗೆ ಹೋಗಿದ್ದರೆ ಆ ತಂಡ ಚದುರಿ ಹೋಗುತ್ತಿತ್ತು. ಖಾಲಿದ್ ಬರುತ್ತಿರಲಿಲ್ಲ. ನೀವು ಕೊಟ್ಟ ಉದಾಹರಣೆ ನನ್ನ ಪರ ಇದೆ.

ಕುಮಟಾ ಕಡಲು

ಐಜಾಲ್ ಆ ಲೀಗಿಗೆ ಬಂದದ್ದು ಹೇಗೆ? ಬಡ್ತಿ ಇದ್ದದ್ದರಿಂದ. ಮೇಲೆ ಯಾರೂ ಜಾಗ ಬಿಡದಿದ್ದರೆ ಬಡ್ತಿ ಎಲ್ಲಿಂದ ಬರುತ್ತದೆ? ಪ್ರತಿ ವರ್ಷ ಒಂದೊಂದು ತಂಡ ಸೇರಿಸುತ್ತಾ ಹೋದರೆ ಒಂದು ದಿನ ಲೀಗಿನಲ್ಲಿ 30 ತಂಡ ಆಗುತ್ತದೆ.

ಹೊನ್ನಾವರ ಶರಾವತಿ

ಲಾಜೊಂಗ್ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಅವರೂ 2018-19ರಲ್ಲಿ ಇಳಿದರು. ಮುಚ್ಚಲಿಲ್ಲ. ಊರಿನ ಲೀಗ್ ಆಡಿದರು, ಹುಡುಗರನ್ನು ಬೆಳೆಸಿದರು, 2023-24ಕ್ಕೆ ಮತ್ತೆ ಐ-ಲೀಗಿಗೆ ಬಂದರು. ಇಳಿದವರೆಲ್ಲ ಸತ್ತರು ಅನ್ನುವುದು ಸುಳ್ಳು. ಊರು ಜೊತೆಗಿದ್ದರೆ ಬದುಕುತ್ತಾರೆ.

ಹಳೇ ಬಂದರು, ಕಾರವಾರ

ನಾನು ಇಲ್ಲಿ ಹೆಚ್ಚು ಬರೆಯುವವನಲ್ಲ. ಆದರೆ ಗೋವಾ ತಂಡಗಳ ಮಾತು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಮ್ಮ ಹರೆಯದಲ್ಲಿ ಸಾಳಗಾಂವಕರ್ ಅಂದರೆ ಗೋಲ್‌ಕೀಪರ್ ಬ್ರಹ್ಮಾನಂದ ಸಂಖ್ವಾಳ್ಕರ್. ಅವರ ಕೈಗೆ ಬಂದ ಚೆಂಡು ಜಾರುತ್ತಿರಲಿಲ್ಲ. ಆಗ ರಾಷ್ಟ್ರೀಯ ಲೀಗ್ ಅನ್ನುವುದೇ ಇರಲಿಲ್ಲ. ಬಸ್ಸಿನಲ್ಲಿ ಮಾಜಾಳಿ ದಾಟಿ, ಪೋಳೆಂ ದಾಟಿ, ಕಾಣಕೋಣದ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಹೋಗುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಆಯಿತು. 1998-99ರಲ್ಲಿ ಸಾಳಗಾಂವಕರ್ ರಾಷ್ಟ್ರೀಯ ಲೀಗ್ ಗೆದ್ದಿತು. ಬ್ರೂನೊ ಕುಟಿನ್ಹೊ ಇದ್ದ ತಂಡ. ಬಂಗಾಳದವರ ಎದುರು ನಮ್ಮ ಕರಾವಳಿ ಗೆದ್ದ ಹಾಗೆ ನಮಗೆ ಅನಿಸಿತು. ರಾಜ್ಯದ ಗಡಿ ಆ ದಿನ ಯಾರ ತಲೆಯಲ್ಲೂ ಇರಲಿಲ್ಲ.

ಆಮೇಲೆ ಡೆಂಪೊ ಕಾಲ. ಅರ್ಮಾಂಡೊ ಕೊಲಾಸೊ ಕೋಚ್. 2004-05, 2006-07, ಐ-ಲೀಗ್ ಆದ ಮೇಲೆ 2007-08, 2009-10, 2011-12. ಐದು ಸಲ! ಕೊನೆಯ ಆ ಸೀಸನ್ನಿನಲ್ಲಿ ರಾಂಟಿ ಮಾರ್ಟಿನ್ಸ್ ಒಬ್ಬರೇ 32 ಗೋಲು ಹೊಡೆದರು. 2007-08ರಿಂದ 2012-13ರ ತನಕ ಆರು ಐ-ಲೀಗ್ ನಡೆದವು. ಆರನ್ನೂ ಗೋವಾದವರೇ ಗೆದ್ದರು. ಡೆಂಪೊ ಮೂರು, ಚರ್ಚಿಲ್ ಎರಡು, ಸಾಳಗಾಂವಕರ್ ಒಂದು.

ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಗೋವಾ ಅಂದರೆ ಎಫ್‌ಸಿ ಗೋವಾ ಮಾತ್ರ ಅಂದುಕೊಂಡಿದ್ದಾರೆ.

ಅಂಕೋಲೆ ಈಶಾಡು

ಹಳೇ ಬಂದರು ಅವರೇ, ಇನ್ನೂ ಬರೆಯಿರಿ. ಇದನ್ನೆಲ್ಲ ಯಾರೂ ಕನ್ನಡದಲ್ಲಿ ಬರೆದಿಟ್ಟಿಲ್ಲ.

ಶಿರವಾಡ ಸ್ಟೇಷನ್

ವಿಷಯ ಸ್ವಲ್ಪ ಬೇರೆ. ಈಗಲೂ ಫತೋರ್ಡಾಕ್ಕೆ ಹೋಗಲು ಜನ ಸಿಗುತ್ತಾರೆ, ವಾಪಸ್ ಬರುವುದೇ ತೊಂದರೆ. ರಾತ್ರಿ ಏಳೂವರೆಗೆ ಮ್ಯಾಚ್ ಶುರುವಾದರೆ ಮುಗಿಯುವಾಗ ಒಂಬತ್ತೂವರೆ. ಅಷ್ಟು ಹೊತ್ತಿಗೆ ಲೋಕಲ್ ಗಾಡಿ ಹೋಗಿರುತ್ತದೆ. ಮೊದಲೆಲ್ಲ ಮ್ಯಾಚ್ ಸಂಜೆ ನಾಲ್ಕಕ್ಕೆ ಇರುತ್ತಿತ್ತು. ಕಾರವಾರದವರು ಆಟ ನೋಡಿ ಮನೆಯಲ್ಲಿ ಊಟ ಮಾಡುತ್ತಿದ್ದರು. ಟಿವಿಗೋಸ್ಕರ ಸಮಯ ಬದಲಾಯಿತು, ನಾವು ಹೊರಗೆ ಬಿದ್ದೆವು.

ಸದಾಶಿವಗಡ

ಚರ್ಚಿಲ್ 2024-25ರಲ್ಲಿ ಮಡಗಾಂವ್ ಹತ್ತಿರದ ರಾಯಾ ಮೈದಾನದಲ್ಲಿ ಆಡಿತು. ಹಗಲು ಮ್ಯಾಚ್ ಇರುತ್ತಿತ್ತು. ಕಾರು ಇದ್ದವರು ನಾಲ್ಕು ಜನ ಸೇರಿ ಹೋಗಬಹುದಿತ್ತು.

ಮೀನು ಪೇಟೆ

ಕಾರು ಇಲ್ಲದವರು?

ಯಲ್ಲಾಪುರ ಕಾಡು

ಡೆಂಪೊ ಕಥೆಯನ್ನು ಯಾರಾದರೂ ಪೂರ್ತಿ ಹೇಳಿ. ಐದು ಸಲ ಗೆದ್ದವರು ಹೇಗೆ ಕಾಣೆಯಾದರು? ನಮ್ಮ ಕಡೆ ಫುಟ್ಬಾಲ್ ಕಡಿಮೆ, ವಾಲಿಬಾಲ್ ಜಾಸ್ತಿ. ಹಾಗಾಗಿ ಗೊತ್ತಿಲ್ಲ.

ಕಾಳಿ ದಂಡೆ, ಕಾರವಾರ

ಹೇಳುತ್ತೇನೆ. 2014-15ರಲ್ಲಿ ಡೆಂಪೊ ಇಳಿಯಿತು. ಐದು ಸಲದ ಚಾಂಪಿಯನ್ ಅಂತ ಯಾರೂ ವಿನಾಯಿತಿ ಕೊಡಲಿಲ್ಲ.  ಎರಡನೇ ಡಿವಿಜನ್ನಿಗೆ ಹೋದರು, ಆಡಿದರು, 2015-16ರಲ್ಲಿ ಅದನ್ನು ಗೆದ್ದರು. ಬಡ್ತಿ ಸಿಕ್ಕಿತು. ಲೀಗ್ ಅಂದರೆ ಹೀಗಿರಬೇಕು. ಬಿದ್ದರು, ಎದ್ದರು.

ಆದರೆ ಅದೇ 2016ರಲ್ಲಿ ದೇಶದ ಫುಟ್ಬಾಲ್ ಫೆಡರೇಷನ್ ಹೊಸ ಯೋಜನೆ ತಂದಿತು. ಐಎಸ್‌ಎಲ್ ಮೇಲೆ, ಐ-ಲೀಗ್ ಅದರ ಕೆಳಗೆ. ಐ-ಲೀಗ್ ಗೆದ್ದರೂ ಮೇಲಕ್ಕೆ ದಾರಿ ಇಲ್ಲ, ಮೇಲಿನವರಿಗೆ ಇಳಿಕೆಯೂ ಇಲ್ಲ. ಸಾಳಗಾಂವಕರ್, ಸ್ಪೋರ್ಟಿಂಗ್, ಡೆಂಪೊ ಮೂವರೂ ಹೊರಬಂದರು. ಗೆದ್ದರೂ ಎಲ್ಲಿಗೂ ಹೋಗದ ಲೀಗಿನಲ್ಲಿ ಯಾಕೆ ಆಡಬೇಕು ಅನ್ನುವುದೇ ಅವರ ಪ್ರಶ್ನೆ. ಕಷ್ಟಪಟ್ಟು ಎದ್ದು ಬಂದ ತಂಡಕ್ಕೆ ಮೇಲಿನ ಬಾಗಿಲು ಹಾಕಿದೆ ಅಂತ ಗೊತ್ತಾದರೆ ಹೇಗಿರಬೇಡ?

ಘಟ್ಟದ ಗೋಲಿಯವರಿಗೆ ನನ್ನ ಉತ್ತರ ಇದೇ. ಡೆಂಪೊವನ್ನು ಇಳಿಕೆ ಮುಗಿಸಲಿಲ್ಲ. ಮುಗಿಸಿದ್ದು ಏರುವ ದಾರಿ ಮುಚ್ಚಿದ್ದು. ಮತ್ತೆ ಐ-ಲೀಗಿಗೆ ಬರಲು 2024-25ರ ತನಕ ಕಾಯಬೇಕಾಯಿತು. ಅದೂ ಕೆಳಗಿನ ಲೀಗ್ ಆಡಿ, ಬಡ್ತಿ ಪಡೆದು ಬಂದರು.

ಹಳೇ ಬಂದರು, ಕಾರವಾರ

ಸಾಳಗಾಂವಕರ್ ಈಗಲೂ ಗೋವಾ ಪ್ರೊ ಲೀಗಿನಲ್ಲಿ ಆಡುತ್ತಿದೆ. ಅಲ್ಲಿ ಬಡ್ತಿ, ಇಳಿಕೆ ಎರಡೂ ಇವೆ. ಊರೂರ ತಂಡಗಳು ಮೇಲಕ್ಕೆ ಬರುತ್ತವೆ. ಮ್ಯಾಚಿಗೆ ಹೋದರೆ ಚರ್ಚಿನ ಪಕ್ಕದ ಮೈದಾನ, ಸುತ್ತ ಊರವರು. ಟಿವಿಯವರು ಇರಲಿ, ಬಿಡಲಿ.

ಘಟ್ಟದ ಗೋಲಿ, ಶಿರಸಿ

ಡೆಂಪೊ ವಿಷಯ ಒಪ್ಪಿದೆ. ಆದರೆ ಐಎಸ್‌ಎಲ್ ತಂಡಗಳ ಕಡೆಯಿಂದಲೂ ಯೋಚಿಸಿ. ಅವರು ಫ್ರಾಂಚೈಸಿ ಶುಲ್ಕ ಕಟ್ಟಿ ಬಂದವರು. ವರ್ಷ ವರ್ಷ ನಷ್ಟ. ಬಡ್ತಿ ಪಡೆದು ಬಂದವರಿಗೆ ಆ ಶುಲ್ಕ ಇಲ್ಲ. ದುಡ್ಡು ಕಟ್ಟಿದವನನ್ನು ಇಳಿಸಿ, ಕಟ್ಟದವನನ್ನು ಏರಿಸಿದರೆ ಕೋರ್ಟಿಗೆ ಹೋಗದೇ ಇರುತ್ತಾರಾ? 2025ರ ಜುಲೈಯಲ್ಲಿ ಮುಂದಿನ ಸೀಸನ್ನನ್ನೇ ತಡೆಹಿಡಿದರು. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ಒಪ್ಪಂದ ಆ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು, ಮುಂದೇನು ಅಂತ ಗೊತ್ತಿರಲಿಲ್ಲ. ಮನೆಗೇ ಗೋಡೆ ಇಲ್ಲ, ನೀವು ಬಾಗಿಲು ಯಾವ ಕಡೆ ಅಂತ ಜಗಳ ಮಾಡುತ್ತಿದ್ದೀರಿ.

ಸದಾಶಿವಗಡ

2019ರಲ್ಲಿ ಕೌಲಾಲಂಪುರದಲ್ಲಿ ಏಷ್ಯಾ ಫೆಡರೇಷನ್ ಮುಂದೆ ಒಪ್ಪಿಕೊಂಡದ್ದು ಏನು? 2022-23ರ ಐ-ಲೀಗ್ ಗೆದ್ದವರಿಗೆ ಬಡ್ತಿ. 2024-25ರಿಂದ ಬಡ್ತಿ, ಇಳಿಕೆ ಎರಡೂ. ಮೊದಲನೆಯದು ಆಯಿತು. ಪಂಜಾಬ್ ಬಂತು, ಮೊಹಮ್ಮಡನ್ ಬಂತು. 2024-25ರಲ್ಲಿ ಎರಡನೆಯದರ ಸುದ್ದಿಯೇ ಇರಲಿಲ್ಲ. ಶುಲ್ಕ ಕಟ್ಟಿದವರಿಗೆ ಇದು 2019ರಿಂದಲೇ ಗೊತ್ತು. ತಯಾರಾಗಲು ಸಮಯ ಇತ್ತು.

ಭಟ್ಕಳ ಬಂದರು

ಇಂಟರ್ ಕಾಶಿ ಬಗ್ಗೆ ಒಂದು ಮಾತು. ಅವರೂ 2023ರಲ್ಲಿ ಬಿಡ್ ಹಾಕಿ ನೇರ ಐ-ಲೀಗಿಗೆ ಬಂದವರು. ಕೆಳಗಿನ ಡಿವಿಜನ್ ಆಡಿಯೇ ಇಲ್ಲ. 2024-25ರಲ್ಲಿ ಐ-ಲೀಗ್ 2 ಗೆದ್ದ ಡೈಮಂಡ್ ಹಾರ್ಬರ್ 2022ರಲ್ಲಿ ಹುಟ್ಟಿದ್ದು, ಅದು ಆಡಿಕೊಂಡು ಬಂದಿದೆ. ಎರಡೂ ಹೊಸ ತಂಡ. ನನಗೆ ಎರಡನೆಯದರ ಮೇಲೆ ಗೌರವ ಜಾಸ್ತಿ.

ಹುಬ್ಬಳ್ಳಿ ಬಸ್ಸು

ಬೆಂಗಳೂರು ಎಫ್‌ಸಿ ಕೂಡ 2013ರಲ್ಲಿ ನೇರ ಪ್ರವೇಶ ಪಡೆದದ್ದೇ. ಮೊದಲ ಸೀಸನ್ನಿಗೇ ಚಾಂಪಿಯನ್. ಅದಕ್ಕೂ ಗೌರವ ಕಡಿಮೆಯೇ?

ಭಟ್ಕಳ ಬಂದರು

ಅವರು ಗೆದ್ದು ತೋರಿಸಿದರು, ಕಂಠೀರವ ತುಂಬಿಸಿದರು. ಆ ಮಾತು ಬೇರೆ. ಆದರೆ ಅವರು ಬಂದ ವರ್ಷ ಕೆಳಗಿನ ಡಿವಿಜನ್ನಿನಲ್ಲಿ ಬೆವರು ಸುರಿಸುತ್ತಿದ್ದವರು ಅಲ್ಲೇ ಉಳಿದರು ಅನ್ನುವುದೂ ನಿಜ.

ಹುಬ್ಬಳ್ಳಿ ಬಸ್ಸು

2015ರ ಮೇ 31 ನೆನಪಿದೆಯಾ ಯಾರಿಗಾದರೂ? ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಮೋಹನ್ ಬಗಾನ್. ಲೀಗಿನ ಕೊನೆಯ ಮ್ಯಾಚ್, ಅದೇ ಫೈನಲ್ ಇದ್ದ ಹಾಗೆ. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲು ಹೊಡೆದರು. ಇನ್ನೇನು ಮುಗಿಯಿತು ಅನ್ನುವಾಗ 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಮಳೆ ಬೇರೆ. ಪ್ಲೇ-ಆಫ್, ಸೆಮಿಫೈನಲ್ ಏನೂ ಬೇಕಾಗಿರಲಿಲ್ಲ. ಬರೀ ಲೀಗ್ ಪಟ್ಟಿಯೇ ಅಷ್ಟು ಬಿಸಿ ಹುಟ್ಟಿಸಿತ್ತು.

ಜೋಯಿಡಾ

ಎಲ್ಲರೂ ಗಂಡಸರ ಲೀಗ್ ಬಗ್ಗೆಯೇ ಬರೆಯುತ್ತಿದ್ದೀರಿ. ಮಹಿಳೆಯರ ರಾಷ್ಟ್ರೀಯ ಲೀಗಿನಲ್ಲಿ ನಮ್ಮ ರಾಜ್ಯದ ಕಿಕ್‌ಸ್ಟಾರ್ಟ್ ಆಡುತ್ತಿದೆ. 2024-25ರಲ್ಲಿ ಈಸ್ಟ್ ಬೆಂಗಾಲ್ ಗೆದ್ದಿತು. ಅದಕ್ಕೂ ಎರಡನೇ ಡಿವಿಜನ್ ಇದೆ. ನಮ್ಮ ಜಿಲ್ಲೆಯ ಹುಡುಗಿಯರು ಶಾಲೆಯಲ್ಲಿ ಚೆನ್ನಾಗಿ ಓಡುತ್ತಾರೆ, ಒದೆಯುತ್ತಾರೆ. ಹತ್ತನೇ ತರಗತಿ ಮುಗಿದ ಮೇಲೆ ಆಡಲು ಒಂದು ತಂಡ ಎಲ್ಲಿದೆ?

ಕುಮಟಾ ಕಡಲು

ನಿಜ. ಹುಡುಗರಿಗಾದರೂ ಎಲ್ಲಿದೆ ಹೇಳಿ.

ಮಾಲಾದೇವಿ ಮೈದಾನ, ಕಾರವಾರ

ಇದೇ ಮಾತು ಬರಲಿ ಅಂತ ಕಾಯುತ್ತಿದ್ದೆ. ಐಎಸ್‌ಎಲ್ ಬಗ್ಗೆ ನಾವು ಇಲ್ಲಿಂದ ಏನೂ ಮಾಡಲು ಆಗುವುದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಆಟ ಹೇಗೆ ನಡೆಯುತ್ತಿದೆ ನೋಡಿ. ಎಲ್ಲವೂ ನಾಕೌಟ್. ಶನಿವಾರ, ಭಾನುವಾರ ಎರಡು ದಿನದ ಟೂರ್ನಿ. 16 ತಂಡ. ಮೊದಲ ಸುತ್ತಿಗೇ 8 ತಂಡ ಸೋತು ಮನೆಗೆ. ಬೈಕಿಗೆ ಪೆಟ್ರೋಲ್ ಹಾಕಿ, ಎಂಟ್ರಿ ಫೀ ಕಟ್ಟಿ, ಬಂದವರು ಅರ್ಧ ಗಂಟೆ ಆಡಿ ಹೋಗುತ್ತಾರೆ. ವರ್ಷಕ್ಕೆ ಇಂಥ ಕೆಲವು ಟೂರ್ನಿ ಸಿಕ್ಕಿದರೆ ಹೆಚ್ಚು. ಅಷ್ಟರಲ್ಲಿ ಆಟಗಾರ ಬೆಳೆಯುತ್ತಾನಾ? ದೊಡ್ಡ ಬಹುಮಾನ ಇಟ್ಟರೆ ಗೋವಾದಿಂದ ಆಟಗಾರರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ಊರ ಹುಡುಗ ಬೆಂಚಿನಲ್ಲಿ ಕೂರುತ್ತಾನೆ.

ಅದರ ಬದಲು ಎರಡು ಹಂತದ ಲೀಗ್ ಮಾಡೋಣ. ಮೇಲೆ 6 ತಂಡ, ಕೆಳಗೆ 6 ತಂಡ. ಒಬ್ಬರ ಜೊತೆ ಒಂದು ಮ್ಯಾಚ್ ಅಂದರೂ ಒಂದು ಹಂತಕ್ಕೆ 15 ಮ್ಯಾಚ್ ಆಯಿತು. ಪ್ರತಿ ತಂಡಕ್ಕೆ 5 ಮ್ಯಾಚ್ ಗ್ಯಾರಂಟಿ. ಮೇಲಿನ ಕೊನೆಯ ತಂಡ ಕೆಳಗೆ, ಕೆಳಗಿನ ಮೊದಲ ತಂಡ ಮೇಲಕ್ಕೆ. ಆಗ ನೋಡಿ, 5ನೇ ಮತ್ತು 6ನೇ ಸ್ಥಾನದವರ ಮ್ಯಾಚಿಗೆ ಎಷ್ಟು ಜನ ಬರುತ್ತಾರೆ ಅಂತ. ಸೋತರೆ ಊರಿನ ಮಾನ ಹೋಗುತ್ತದೆ ಅಂತ ಅಜ್ಜಂದಿರೂ ಬಂದು ನಿಲ್ಲುತ್ತಾರೆ.

ಅಂಕೋಲೆ ಈಶಾಡು

ಇದಕ್ಕೆ ನಾನು ಬರುತ್ತೇನೆ. ಐಎಸ್‌ಎಲ್ ಬಿಡಿ, ಇದನ್ನು ನೋಡುತ್ತೇನೆ.

ಯಲ್ಲಾಪುರ ಕಾಡು

ಚೆನ್ನಾಗಿದೆ. ಆದರೆ ಜಿಲ್ಲೆ ಎಷ್ಟು ದೊಡ್ಡದು ಅಂತ ಮರೆಯಬೇಡಿ. 12 ತಾಲ್ಲೂಕು. ಮುಂಡಗೋಡದವರು ಭಟ್ಕಳಕ್ಕೆ ಬಂದು ಆಡಿ ಅದೇ ದಿನ ವಾಪಸ್ ಹೋಗುವುದು ಸುಲಭ ಅಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತಿತ್ತು. ಕರಾವಳಿಗೆ ಒಂದು, ಘಟ್ಟದ ಮೇಲೆ ಒಂದು ಗುಂಪು ಮಾಡಿ, ಕೊನೆಗೆ ಗೆದ್ದವರನ್ನು ಆಡಿಸಿ.

ಘಟ್ಟದ ಗೋಲಿ, ಶಿರಸಿ

ಈಗ ನಾನು ಹೇಳಿದ ಮಾತಿಗೇ ಬರುತ್ತಿದ್ದೀರಿ. ಕೆಳಗಿನ ಹಂತ ಗಟ್ಟಿ ಇದ್ದರೆ ಇಳಿಕೆ ಇರಲಿ, ನನಗೆ ತಕರಾರು ಇಲ್ಲ. ಇಳಿದ ಮೇಲೂ ಅಷ್ಟೇ ಮ್ಯಾಚ್, ಅದೇ ರೆಫರಿ, ಅದೇ ಮೈದಾನ ಸಿಗಬೇಕು. ದೇಶದ ಲೀಗಿನಲ್ಲಿ ಅದು ಇಲ್ಲ. ಐಎಸ್‌ಎಲ್‌ನಿಂದ ಐ-ಲೀಗಿಗೆ ಇಳಿದರೆ ಟಿವಿ ಹೋಗುತ್ತದೆ, ಸ್ಪಾನ್ಸರ್ ಹೋಗುತ್ತಾರೆ. ಅದನ್ನು ಮೊದಲು ಸರಿ ಮಾಡಿ, ಆಮೇಲೆ ಇಳಿಸಿ. ಇದು ನನ್ನ ಒಂದೇ ಬೇಡಿಕೆ.

ಕಾಳಿ ದಂಡೆ, ಕಾರವಾರ

ಮೊದಲು ಸರಿ ಮಾಡಿ, ಆಮೇಲೆ ಇಳಿಸಿ ಅಂದರೆ ಎಂದಿಗೂ ಇಳಿಸುವುದಿಲ್ಲ. ಇಳಿಯುವ ಭಯ ಬಂದ ದಿನವೇ ಮೇಲಿನವರು ಕೆಳಗಿನ ಲೀಗಿನ ಬಗ್ಗೆ ಯೋಚಿಸಲು ಶುರು ಮಾಡುತ್ತಾರೆ. ನಾಳೆ ತಾವೇ ಅಲ್ಲಿ ಆಡಬೇಕಾಗಬಹುದು ಅಂತ ಗೊತ್ತಾದರೆ ಅಲ್ಲಿನ ಮೈದಾನಕ್ಕೆ, ಟಿವಿಗೆ ದುಡ್ಡು ತರುತ್ತಾರೆ.

ಲೂಟನ್ ಅಭಿಮಾನಿ, ಹೊನ್ನಾವರ

ಇಂಗ್ಲೆಂಡ್ ಉದಾಹರಣೆ ಕೊಟ್ಟಿರಲ್ಲ, ಅದಕ್ಕೆ ಸೇರಿಸುತ್ತೇನೆ. ಲೂಟನ್ 2009ರಲ್ಲಿ ಐದನೇ ಹಂತಕ್ಕೆ ಬಿತ್ತು. 2023ರಲ್ಲಿ ಪ್ರೀಮಿಯರ್ ಲೀಗಿಗೆ ಬಂತು. 2024ರಲ್ಲಿ ಇಳಿಯಿತು, 2025ರಲ್ಲಿ ಮತ್ತೊಂದು ಹಂತ ಇಳಿಯಿತು. ಐದನೇ ಹಂತದಲ್ಲಿ ಯಾವ ಪ್ರೀಮಿಯರ್ ಲೀಗ್ ಹಣವೂ ಇರಲಿಲ್ಲ. ಊರವರು ಟಿಕೆಟ್ ಕೊಂಡು ಕೂತರು. ಲೆಸ್ಟರ್ ನೋಡಿ, 2016ರಲ್ಲಿ ಚಾಂಪಿಯನ್, 2023ರಲ್ಲಿ ಇಳಿಕೆ, 2024ರಲ್ಲಿ ಬಡ್ತಿ, 2025ರಲ್ಲಿ ಮತ್ತೆ ಇಳಿಕೆ. ಯಾರೂ ಬೀಗ ಹಾಕಲಿಲ್ಲ.

ಘಟ್ಟದ ಗೋಲಿ, ಶಿರಸಿ

ನೂರು ವರ್ಷದ ತಂಡಗಳನ್ನು ನಿನ್ನೆ ಮೊನ್ನೆ ಹುಟ್ಟಿದವರ ಜೊತೆ ಹೋಲಿಸಬೇಡಿ.

ಲೂಟನ್ ಅಭಿಮಾನಿ, ಹೊನ್ನಾವರ

ಮೊಹಮ್ಮಡನ್ 1891ರದ್ದು. ಬಗಾನ್ 1889. ನಮ್ಮಲ್ಲೂ ನೂರು ವರ್ಷ ದಾಟಿದವರು ಇದ್ದಾರೆ.

ಮೀನು ಪೇಟೆ

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಬಗ್ಗೆಯೂ ಹೇಳಿ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದು 54 ವರ್ಷ ಆಗಿತ್ತು. ಆ ಹುಡುಗರಿಗೆ ಆಮೇಲೆ ಆಡಲು ರಾಜ್ಯದಲ್ಲಿ ಎಷ್ಟು ಒಳ್ಳೆಯ ತಂಡಗಳಿವೆ? ಇದ್ದವೆಲ್ಲ ಬೆಂಗಳೂರಿನಲ್ಲಿ. ಕಾರವಾರದ ಹುಡುಗ ಒಂದು ರೂಮು ಮಾಡಿಕೊಂಡು ಅಲ್ಲಿ ಇರಬೇಕು, ಇಲ್ಲ ಗೋವಾಕ್ಕೆ ಹೋಗಬೇಕು.

ಶಿರವಾಡ ಸ್ಟೇಷನ್

ಗೋವಾಕ್ಕೇ ಹೋಗುತ್ತಾರೆ. ಹತ್ತಿರ, ಭಾಷೆಯೂ ಕೊಂಕಣಿ. ಆದರೆ ಅಲ್ಲಿ ಅವರು ಹೊರರಾಜ್ಯದ ಆಟಗಾರ. ಇಲ್ಲಿಗೆ ಬಂದರೆ ರಾಜ್ಯ ತಂಡದವರಿಗೆ ಪರಿಚಯವೇ ಇಲ್ಲ.

ಮಾಲಾದೇವಿ ಮೈದಾನ, ಕಾರವಾರ

ಅದಕ್ಕೇ ನಮ್ಮದೇ ಲೀಗ್ ಬೇಕು ಅನ್ನುತ್ತಿದ್ದೇನೆ. ಮಳೆ ಕಡಿಮೆ ಆದ ಮೇಲೆ, ನವೆಂಬರ್‌ನಲ್ಲಿ ಶುರು ಮಾಡಿ ಫೆಬ್ರವರಿಗೆ ಮುಗಿಸಬಹುದು. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳೂ ಆಗಲೇ ಇರುತ್ತವೆ, ಮೈದಾನಕ್ಕೆ ಜಗಳ ಆಗುತ್ತದೆ. ಭಾನುವಾರ ಅವರಿಗೆ, ಶನಿವಾರ ನಮಗೆ ಅಂತ ಮೊದಲೇ ಕೂತು ಮಾತಾಡಬೇಕು.

ಮೂರು ನಿಯಮ ಮಾತ್ರ ಬಿಡಬಾರದು. ಒಬ್ಬ ಆಟಗಾರ ಒಂದೇ ತಂಡಕ್ಕೆ, ಸೀಸನ್ ನಡುವೆ ಬದಲಿಲ್ಲ. ಹೊರಗಿನಿಂದ ಇಬ್ಬರಿಗಿಂತ ಹೆಚ್ಚು ಇಲ್ಲ. ದೂರು ಏನಿದ್ದರೂ ಮ್ಯಾಚ್ ಮುಗಿದ ಎರಡು ದಿನದೊಳಗೆ ತೀರ್ಮಾನ. ಏಪ್ರಿಲ್‌ನ ಚಾಂಪಿಯನ್ ಜುಲೈಗೆ ಗೊತ್ತಾಗುವ ಕಥೆ ನಮಗೆ ಬೇಡ.

ಜೋಯಿಡಾ

ನಾಲ್ಕನೇ ನಿಯಮ. ಹುಡುಗಿಯರ ಮ್ಯಾಚ್ ಅದೇ ದಿನ, ಅದೇ ಮೈದಾನದಲ್ಲಿ, ಮೊದಲಿಗೆ. ಸಂಜೆ ಹೊತ್ತಾದರೆ ಮನೆಯಿಂದ ಕಳಿಸುವುದಿಲ್ಲ.

ಮಾಲಾದೇವಿ ಮೈದಾನ, ಕಾರವಾರ

ಒಪ್ಪಿದೆ. ಸೇರಿಸಿದ್ದೇನೆ.

ಸದಾಶಿವಗಡ

ಮೊದಲ ವರ್ಷ ಮೇಲಿನ ಆರು ತಂಡ ಯಾರು? ಇದನ್ನು ನಿರ್ಧರಿಸುವಾಗಲೇ ಅರ್ಧ ಲೀಗ್ ಮುರಿದು ಬೀಳುತ್ತದೆ. ಹಳೆಯ ತಂಡ, ದೊಡ್ಡ ತಂಡ ಅಂತ ಹೆಸರು ನೋಡಿ ಮೇಲೆ ಕೂರಿಸಿದರೆ ನಾವೂ ಐಎಸ್‌ಎಲ್ ಮಾಡಿದ ಹಾಗೇ ಆಯಿತು.

ಹೊನ್ನಾವರ ಶರಾವತಿ

ಮೊದಲ ವರ್ಷ ಎಲ್ಲ 12 ತಂಡಗಳನ್ನೂ ಚೀಟಿ ಎತ್ತಿ ಎರಡು ಗುಂಪು ಮಾಡಿ. ಪ್ರತಿ ಗುಂಪಿನ ಮೊದಲ ಮೂರು ಮುಂದಿನ ವರ್ಷ ಮೇಲಿನ ಹಂತ, ಉಳಿದವರು ಕೆಳಗೆ. ಯಾರಿಗೂ ವಿನಾಯಿತಿ ಇಲ್ಲ.

ಸದಾಶಿವಗಡ

ಇದು ಸರಿ. ಸದಾಶಿವಗಡದಿಂದ ಒಂದು ತಂಡ ಬರೆದುಕೊಳ್ಳಿ.

ಯಲ್ಲಾಪುರ ಕಾಡು

ಘಟ್ಟದ ಮೇಲಿನಿಂದ ಎಷ್ಟು? ಶಿರಸಿಯವರು ಒಂದು ತಂಡ ಕಟ್ಟುತ್ತೀರಾ? ದಾಂಡೇಲಿ, ಹಳಿಯಾಳದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ.

ಘಟ್ಟದ ಗೋಲಿ, ಶಿರಸಿ

ಕಟ್ಟುತ್ತೇವೆ. ಹುಡುಗರಿದ್ದಾರೆ, ಕೋಚ್ ಹುಡುಕಬೇಕು. ಅಡಿಕೆ ಕೊಯ್ಲು ಡಿಸೆಂಬರ್‌ಗೆ ಜೋರಾಗುತ್ತದೆ, ಆ ತಿಂಗಳು ನಮಗೆ ಮ್ಯಾಚ್ ಕಡಿಮೆ ಇಡಿ. ರೆಫರಿ ಮಾತ್ರ ಎರಡೂ ತಂಡದ ಊರಿನವರಾಗಿರಬಾರದು, ಇದನ್ನು ಐದನೇ ನಿಯಮ ಮಾಡಿ.